ಡಾಕ್ಟರ್ ಫೋನಿನಲ್ಲಿ ಹೇಳಿದ ಇಂಜೆಕ್ಷನ್ ಕೊಟ್ಟು ಎಡವಟ್ಟಾದರೆ ಯಾರ ತಲೆಗೆ?

ನೀವು ಕೇಳಿದ್ದು ಎರಡು. ನರ್ಸ್ ಆಗಿ ರಾತ್ರಿ ಡ್ಯೂಟಿಯಲ್ಲಿದ್ದಾಗ ಡಾಕ್ಟರ್ ಮನೆಯಿಂದಲೇ ಫೋನಿನಲ್ಲಿ ಇಂಜೆಕ್ಷನ್ ಹೇಳುತ್ತಾರೆ, ಕೊಡಬಹುದಾ? ಕೊಡಲ್ಲ ಅಂದರೆ ಕೆಲಸಕ್ಕೆ ಕುತ್ತು ಬರುತ್ತಾ?

ತುರ್ತು ಇದ್ದರೆ ಕೊಡಿ. ಆದರೆ ಎಡವಟ್ಟಾದರೆ ನಿಮ್ಮ ತಲೆಗೂ ಬರುತ್ತೆ. ಬರವಣಿಗೆಯಲ್ಲಿ ಏನೂ ಇಲ್ಲದೆ "ಡಾಕ್ಟರ್ ಹೇಳಿದ್ರು" ಅಂದರೆ ಯಾರೂ ಕೇಳುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್. ಮುಂಚೆ ಘಟ್ಟದ ಅಂಚಿನ ಸಣ್ಣ ಆಸ್ಪತ್ರೆಯೊಂದರಲ್ಲಿದ್ದೆ. ಮಳೆಗಾಲದಲ್ಲಿ ಅಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತಿದ್ದವು. ಲೈನ್ ಸಿಕ್ಕಾಗಲೂ ಫೋನ್ ಆರ್ಡರ್ ತಗೊಳ್ಳಲ್ಲ ಅಂತ ಕೂತರೆ ರೋಗಿ ಗತಿ ಏನು? ಹಾಗಾಗಿ ಡಾಕ್ಟರ್ ಹೇಳುತ್ತಿರುವಾಗಲೇ ಕೇಸ್ ಶೀಟಿನಲ್ಲಿ ಬರೆಯುತ್ತೇನೆ: ಔಷಧಿ ಹೆಸರು, ಡೋಸ್, ನರಕ್ಕೋ ಮಾಂಸಕ್ಕೋ, ಎಷ್ಟು ಹೊತ್ತಿಗೆ. ಬರೆದದ್ದನ್ನು ವಾಪಸ್ ಓದಿ ಹೇಳುತ್ತೇನೆ. ಫಿಫ್ಟೀನೋ ಫಿಫ್ಟಿಯೋ ಅನುಮಾನ ಬಂದರೆ "ಒಂದು ಐದಾ, ಐದು ಸೊನ್ನೆಯಾ ಸಾರ್" ಅಂತ ಕೇಳಿಬಿಡಿ, ಅವರು ಸಿಡುಕಿದರೂ ಪರವಾಗಿಲ್ಲ. ಸ್ಪೀಕರ್ ಹಾಕಿ ಪಕ್ಕದ ಸಿಸ್ಟರ್‌ಗೂ ಕೇಳಿಸಿ, ಅವರ ಸಹಿಯನ್ನೂ ತಗೊಳ್ಳಿ. ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಮೊದಲ ಕೆಲಸ ಆ ಆರ್ಡರ್‌ಗೆ ಸಹಿ ಹಾಕಿಸುವುದು.

ಕಾನೂನಿನ ಕಥೆ ಕೇಳಿ. 2024ರ ಜುಲೈ 1ರಿಂದ ಐಪಿಸಿ 304ಎ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ. ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ಕೊಡುವಾಗ ಡಾಕ್ಟರಿಂದ ಆದರೆ 2 ವರ್ಷದವರೆಗೆ. ಆ ರಿಯಾಯಿತಿ ಯಾರಿಗೆ ಅಂದರೆ ಮೆಡಿಕಲ್ ರಿಜಿಸ್ಟರ್‌ನಲ್ಲಿ ಹೆಸರಿರುವವರಿಗೆ ಮಾತ್ರ ಅಂತ ಅಲ್ಲೇ ಬರೆದಿದೆ. ನಮ್ಮ ಹೆಸರು ಇರುವುದು ನರ್ಸಿಂಗ್ ಕೌನ್ಸಿಲ್‌ನಲ್ಲಿ, ಅಲ್ವಾ? ಹೇಳಿದವರಿಗೆ 2, ಕೇಳಿ ಕೊಟ್ಟವರಿಗೆ 5! ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. ಹಾಗಂತ ಸಣ್ಣಪುಟ್ಟ ತಪ್ಪಿಗೆಲ್ಲ ಜೈಲು ಅಂತ ಹೆದರಬೇಡಿ. ಚಿಕಿತ್ಸೆಯ ವಿಷಯದಲ್ಲಿ ಕ್ರಿಮಿನಲ್ ಕೇಸ್ ನಿಲ್ಲಬೇಕಾದರೆ ನಿರ್ಲಕ್ಷ್ಯ ತೀರಾ ದೊಡ್ಡದಿರಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಪರಿಹಾರದ ದುಡ್ಡಿನ ಲೆಕ್ಕ ಬೇರೆ. ಟೈಫಾಯಿಡ್ ಅಂತ ಸೇರಿಸಿದ್ದ ಮಗುವಿಗೆ ನರ್ಸ್ ಕ್ಲೋರೋಕ್ವಿನ್ ಇಂಜೆಕ್ಷನ್ ನೇರ ನರಕ್ಕೆ ಕೊಟ್ಟು ಮಿದುಳಿಗೆ ಹಾನಿಯಾದ ಕೇಸಿನಲ್ಲಿ, ಆಸ್ಪತ್ರೆಯೇ ಹೊಣೆ ಅಂತ 1998ರಲ್ಲಿ ತೀರ್ಪಾಗಿದೆ.

ಇನ್ನು ಇಲ್ಲ ಅನ್ನುವ ವಿಚಾರ. ನಮ್ಮ ಕಡೆಯದೇ ಉದಾಹರಣೆ ಹೇಳುತ್ತೇನೆ. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋದವರು ಜ್ವರ, ಮೈಕೈ ನೋವು ಅಂತ ಬರುತ್ತಾರೆ. ನೋವಿಗೆ ಡೈಕ್ಲೋಫೆನಾಕ್ ಹಾಕಿ ಸಿಸ್ಟರ್ ಅಂತ ಫೋನಿನಲ್ಲಿ ಬಂದರೆ ಸುಮ್ನೆ ಆಂಪೂಲ್ ಮುರಿಯಬೇಡಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯಾಗಿದ್ದರೆ ಪ್ಲೇಟ್‌ಲೆಟ್ ಇಳಿದಿರುತ್ತೆ, ಆ ಔಷಧಿಯಿಂದ ರಕ್ತಸ್ರಾವ ಜಾಸ್ತಿಯಾಗಬಹುದು. "ಸಾರ್, ಕಾಡಿಗೆ ಹೋಗಿ ಬಂದವರು, ಪ್ಲೇಟ್‌ಲೆಟ್ ರಿಪೋರ್ಟ್ ಇನ್ನೂ ಬಂದಿಲ್ಲ, ಪ್ಯಾರಾಸಿಟಮಾಲ್ ಕೊಡಲಾ?" ಅನ್ನಿ. ರೋಗಿಯನ್ನು ಕಣ್ಣಾರೆ ನೋಡುತ್ತಿರುವುದು ನೀವು, ಅವರಲ್ಲ. ಮುಕ್ಕಾಲುಪಾಲು ಡಾಕ್ಟರುಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಇನ್‌ಚಾರ್ಜ್‌ಗೆ ಹೇಳಿ, ಏನು ಕೇಳಿದಿರಿ, ಏನು ಉತ್ತರ ಬಂತು, ಎಷ್ಟು ಗಂಟೆಗೆ, ಎಲ್ಲ ನರ್ಸಸ್ ನೋಟ್ಸಿನಲ್ಲಿ ಬರೆದಿಡಿ.

ಬೇರೆಯವರು ಲೋಡ್ ಮಾಡಿಟ್ಟ ಸಿರಿಂಜ್ ಮುಟ್ಟಬೇಡಿ. ಮನೆಯವರು ತಂದ ಇನ್ಸುಲಿನ್ ಬಾಟಲಿಯ ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಅಂತ ಇದೆಯೋ 100 ಅಂತ ಇದೆಯೋ ನೋಡಿ. 100ರದ್ದನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತೆ. ತಪ್ಪಾಗಿಯೇ ಹೋದರೆ ಮೊದಲು ರೋಗಿಯನ್ನು ನೋಡಿ, ಡಾಕ್ಟರನ್ನು ಕರೆಯಿರಿ, ಆದದ್ದನ್ನು ಇದ್ದ ಹಾಗೆ ಬರೆಯಿರಿ. ಚಾರ್ಟ್ ತಿದ್ದಬೇಡಿ. ಎಷ್ಟೋ ಸಲ ತಪ್ಪಿಗಿಂತ ವೈಟ್ನರ್ ಹಚ್ಚಿದ್ದೇ ಜಾಸ್ತಿ ಕುತ್ತಿಗೆಗೆ ಬರುತ್ತೆ.

ಕೆಲಸದ ಭಯ ಸುಳ್ಳಲ್ಲ. ಸಣ್ಣ ನರ್ಸಿಂಗ್ ಹೋಂಗಳಲ್ಲಿ ಪ್ರಶ್ನೆ ಕೇಳುವ ಸಿಸ್ಟರ್ ಮೇಲೆ ಮುನಿಸು ಇದ್ದೇ ಇರುತ್ತೆ. ಆದರೆ ಒಬ್ಬರೇ ಹೋಗಿ ವಾದಕ್ಕೆ ನಿಲ್ಲಬೇಡಿ. ಫೋನ್ ಆರ್ಡರ್‌ಗೊಂದು ಪುಸ್ತಕ ಇಡೋಣ ಅಂತ ಇನ್‌ಚಾರ್ಜ್ ಕೈಯಲ್ಲೇ ಹೇಳಿಸಿ, ಅವರ ಮಾತನ್ನು ತೆಗೆದುಹಾಕುವುದು ಕಷ್ಟ.