ಓದುಗರ ಪ್ರಶ್ನೆಗೆ ಉತ್ತರ: ಆರೋಗ್ಯ ವಿಮೆಯನ್ನು ಮುಕ್ತ ಮಾರುಕಟ್ಟೆಗೆ ಬಿಡಬಹುದೆ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಎಪಿಎಲ್ ಕಾರ್ಡುದಾರನಾದ್ದರಿಂದ ಸರ್ಕಾರದ ಉಚಿತ ಚಿಕಿತ್ಸೆ ನನಗೆ ಪೂರ್ತಿಯಾಗಿ ದಕ್ಕುವುದಿಲ್ಲ. ಸರ್ಕಾರ ಈ ಕ್ಷೇತ್ರದಿಂದ ಹಿಂದೆ ಸರಿದು ವಿಮಾ ಕಂಪನಿಗಳನ್ನು ಪೈಪೋಟಿಗೆ ಬಿಟ್ಟರೆ ಬೆಲೆ ತಾನಾಗಿಯೇ ಇಳಿಯುವುದಿಲ್ಲವೆ? ಅಮೆರಿಕದಲ್ಲಿ ಒಬಾಮಾ ತಂದ ಆರೋಗ್ಯ ವಿಮೆ ಕಾನೂನನ್ನು ಅಷ್ಟು ಜನ ವಿರೋಧಿಸಿದ್ದೂ ಇದೇ ಕಾರಣಕ್ಕಲ್ಲವೆ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಯೋಜನೆ ಗೊತ್ತುಪಡಿಸಿದ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆಗಸ್ಟ್ ಮಳೆಗೆ ಕಾಫಿ ಉದುರಿ, ಮೆಣಸಿನ ಬಳ್ಳಿಗೆ ಸೊರಗು ರೋಗ ತಗಲಿದ ವರ್ಷದಲ್ಲಿ ಎರಡು ಎಕರೆ ತೋಟದವರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಪಡಿತರ ಚೀಟಿ ನೋಡಿ ಅಳೆಯಲಾಗದು. ಆದರೆ ನೀವು ಸೂಚಿಸುವ ಪರಿಹಾರದಿಂದ ಮೊದಲು ಪೆಟ್ಟು ತಿನ್ನುವವರು ನಿಮ್ಮಂಥವರೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಲೆಕ್ಕ ಹಾಕಿ ನೋಡೋಣ. ಊರಿನಲ್ಲಿ 100 ಕುಟುಂಬಗಳಿದ್ದು, ವರ್ಷಕ್ಕೆ ಐದು ಕುಟುಂಬಗಳಿಗೆ ತಲಾ 2 ಲಕ್ಷ ರೂಪಾಯಿಯ ಚಿಕಿತ್ಸೆ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಖರ್ಚು 10 ಲಕ್ಷ. ಎಲ್ಲರೂ ವಿಮೆಗೆ ಸೇರಿದರೆ ಕುಟುಂಬಕ್ಕೆ ವರ್ಷಕ್ಕೆ 10,000 ರೂಪಾಯಿ ಕಂತು (ಪ್ರೀಮಿಯಂ). ಕಾಯಿಲೆ ಕಸಾಲೆ ಇಲ್ಲದ 40 ಯುವ ಕುಟುಂಬಗಳು ತಮಗೇಕೆ ಇದೆಲ್ಲ ಎಂದು ಹೊರಗುಳಿದರೆ, ಖರ್ಚು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಉಳಿದ 60 ಕುಟುಂಬಗಳ ಕಂತು 16,000 ದಾಟುತ್ತದೆ. ಅದು ಭಾರವಾಗಿ ಇನ್ನೂ 20 ಕುಟುಂಬಗಳು ಕೈಬಿಟ್ಟರೆ 25,000 ಆಗುತ್ತದೆ. ಕೊನೆಗೆ ಉಳಿಯುವವರು ವಯಸ್ಸಾದವರು ಮತ್ತು ರೋಗಿಗಳು. ಇದನ್ನು ಬಲ್ಲ ಕಂಪನಿ ಮೊದಲೇ ಸಕ್ಕರೆ ಕಾಯಿಲೆಯವರನ್ನು, ಹೃದಯದ ತೊಂದರೆ ಇರುವವರನ್ನು ದೂರವಿಡಲು ನೋಡುತ್ತದೆ. ಹಾಗೆ ಮಾಡದ ಕಂಪನಿ ಪೈಪೋಟಿಯಲ್ಲಿ ಸೋಲುತ್ತದೆ. ಎಂದರೆ ಇಲ್ಲಿ ಪೈಪೋಟಿ ಹೆಚ್ಚಿದಷ್ಟೂ ವಿಮೆಯ ಅಗತ್ಯ ಇರುವವರೇ ಹೊರಬೀಳುತ್ತಾರೆ. ಚಿಕಿತ್ಸೆ ಬೇರೆ ಸರಕುಗಳಂತಲ್ಲ, ಯಾವಾಗ ಬೇಕಾಗುತ್ತದೆಂಬುದೂ ಯಾವುದು ಬೇಕೆಂಬುದೂ ರೋಗಿಗೆ ಮುಂಚಿತವಾಗಿ ತಿಳಿಯುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು.

ಅಮೆರಿಕದ ಜಗಳ ಇದೇ ಲೆಕ್ಕದ ಸುತ್ತ ನಡೆಯಿತು. 2010ರ ಮಾರ್ಚ್‌ನಲ್ಲಿ ಒಬಾಮಾ ಸಹಿ ಹಾಕಿದ ಕಾನೂನು ಸರ್ಕಾರಿ ಆಸ್ಪತ್ರೆಗಳನ್ನು ಕಟ್ಟಿಸುವ ಯೋಜನೆಯಾಗಿರಲಿಲ್ಲ. ಖಾಸಗಿ ವಿಮೆಯನ್ನು ಉಳಿಸಿಕೊಂಡೇ, ಹಳೆಯ ಕಾಯಿಲೆಯ ನೆಪದಲ್ಲಿ ಯಾರಿಗೂ ವಿಮೆ ನಿರಾಕರಿಸಬಾರದೆಂದು 2014ರಿಂದ ನಿರ್ಬಂಧಿಸಿತು. ಆರೋಗ್ಯವಂತರು ಹೊರಗುಳಿಯದಂತೆ ವಿಮೆಯನ್ನು ಕಡ್ಡಾಯಗೊಳಿಸಿ, ಕಡಿಮೆ ಆದಾಯದವರ ಕಂತಿಗೆ ಸರ್ಕಾರ ನೆರವು ನೀಡುವಂತೆ ಮಾಡಿತು. ಬೇಡವೆನ್ನುವವನಿಂದ ಬಲವಂತವಾಗಿ ಏನನ್ನಾದರೂ ಕೊಳ್ಳಿಸುವ ಅಧಿಕಾರ ಸರ್ಕಾರಕ್ಕೆಲ್ಲಿದೆ ಎಂಬುದು ವಿರೋಧಿಗಳ ಪ್ರಶ್ನೆ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಿಮೆ ಮಾಡಿಸದವರಿಗೆ ಆ ಕಾನೂನು ವಿಧಿಸಿದ್ದ ದಂಡವನ್ನು ತೆರಿಗೆಯೆಂದು ಭಾವಿಸಿ ಎತ್ತಿಹಿಡಿಯಿತು. ಮುಂದೆ 2017ರ ತೆರಿಗೆ ಕಾನೂನು ಅದನ್ನು 2019ರಿಂದ ಸೊನ್ನೆಗೆ ಇಳಿಸಿತು.

ಮುಕ್ತ ಮಾರುಕಟ್ಟೆಯ ಪರವಾಗಿರುವವರ ಒಂದು ಮಾತನ್ನು ಒಪ್ಪಲೇಬೇಕು. ಬಿಲ್ಲನ್ನು ಬೇರೆಯವರು ಕಟ್ಟುವಾಗ ರೋಗಿಯೂ ವೈದ್ಯರೂ ಬೆಲೆ ಕೇಳುವುದಿಲ್ಲ, ಹಾಗಾಗಿ ಅನಗತ್ಯ ಪರೀಕ್ಷೆಗಳೂ ದುಬಾರಿ ಬಿಲ್ಲುಗಳೂ ಹೆಚ್ಚುತ್ತವೆ ಎನ್ನುತ್ತಾರೆ. ಇದು ನಿಜ, ಸರ್ಕಾರಿ ಆರೋಗ್ಯ ಕಾರ್ಡಿಗೂ ಅನ್ವಯಿಸುವ ನಿಜ. ಆದರೆ ಬೆಲೆ ವಿಚಾರಿಸಿ ಆರಿಸಿಕೊಳ್ಳಲು ಕನಿಷ್ಠ ಎರಡು ಅಂಗಡಿಗಳಾದರೂ ಇರಬೇಕಲ್ಲ? ನಿಮ್ಮದೇ ತಾಲ್ಲೂಕಿನ ಶಾಂತಳ್ಳಿಯ ಕಡೆಯ ಒಬ್ಬರಿಗೆ ರಾತ್ರಿ ಎದೆನೋವು ಬಂದರೆ ಮನೆಯವರು ದರಪಟ್ಟಿ ಹೋಲಿಸುತ್ತ ಕೂರುವುದಿಲ್ಲ. ಸಿಕ್ಕ ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ, ಅಲ್ಲಿಂದ ಬಹುಪಾಲು ಮೈಸೂರಿಗೋ ಮಂಗಳೂರಿಗೋ ಓಡುತ್ತಾರೆ. ಆಯ್ಕೆಯೇ ಇಲ್ಲದ ಕಡೆ ಪೈಪೋಟಿ ಬೆಲೆ ಇಳಿಸುತ್ತದೆಂದು ನಂಬಲು ನನಗೆ ಸಾಧ್ಯವಾಗುತ್ತಿಲ್ಲ.

ಪ್ರಶ್ನೆ: ವಿರಾಜಪೇಟೆಯ ನಮ್ಮ ಕುಟುಂಬವೂ ಎಪಿಎಲ್. ತಾಯಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಯಶಸ್ವಿನಿ ಸಾಕೆ, ಖಾಸಗಿ ಪಾಲಿಸಿಯೂ ಬೇಕೆ?

ಉತ್ತರ: ನಿಮ್ಮ ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಮೊದಲು ಯಶಸ್ವಿನಿ ಮಾಡಿಸಿ. 2018ರಲ್ಲಿ ನಿಂತುಹೋಗಿ 2022ರಲ್ಲಿ ಮರುಜಾರಿಯಾದ ಈ ಯೋಜನೆಯಲ್ಲಿ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ಎಂದು ನಿಗದಿಯಾಯಿತು. ಚಿಕಿತ್ಸೆಯ ಮಿತಿ 5 ಲಕ್ಷ. ನೋಂದಣಿಗೆ ಪ್ರತಿವರ್ಷ ಗಡುವು ಇರುವುದರಿಂದ ಸಂಘದ ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಿ, ನಿಮಗೆ ಅನುಕೂಲವಾದ ಊರಿನ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದೂ ಕೇಳಿ.

ಖಾಸಗಿ ಪಾಲಿಸಿ ಕೊಳ್ಳುವುದಾದರೆ ತಾಯಿಯ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಕ್ಲೇಮ್ ತಿರಸ್ಕರಿಸಲು ಅದಕ್ಕಿಂತ ಸುಲಭದ ಕಾರಣ ಕಂಪನಿಗೆ ಬೇಕಿಲ್ಲ. ಪಾಲಿಸಿ ಕೊಂಡ ಮೇಲೆ ಹಳೆಯ ಕಾಯಿಲೆಯ ಚಿಕಿತ್ಸೆಗೆ ವಿಮೆ ಹಣ ಸಿಗಲು ಕಾಯಬೇಕಾದ ಅವಧಿ 36 ತಿಂಗಳು ಮೀರುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ಮಾಡಿದೆ. ಮೊದಲು ಇದು 48 ತಿಂಗಳಿತ್ತು, ಮತ್ತು ಪೈಪೋಟಿಯೊಂದೇ ಅದನ್ನು ಇಳಿಸಲಿಲ್ಲ. ವೈಯಕ್ತಿಕ ಆರೋಗ್ಯ ಪಾಲಿಸಿಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲ್ಪಟ್ಟಿದೆ.

ಕೊಠಡಿ ಬಾಡಿಗೆಯ ಮಿತಿಯನ್ನು ತಪ್ಪದೆ ಓದಿ. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ಶೇ 1ಕ್ಕೆ, ಎಂದರೆ 3,000 ರೂಪಾಯಿಗೆ ಸೀಮಿತವಾಗಿದ್ದು, ನೀವು 6,000ದ ಕೊಠಡಿ ಹಿಡಿದರೆ, ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕಟ್ಟಿ ಮುಗಿಸುವಂತಿಲ್ಲ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಕಡಿತ ಮಾಡಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೌಂಟರಿನಲ್ಲಿ ಈ ಸಂಗತಿ ತಿಳಿದು ಒಡವೆ ಅಡವಿಡಲು ಓಡುವ ಕುಟುಂಬಗಳ ಸಂಕಟ ಯಾರಿಗೂ ಬರಬಾರದು.

ಪ್ರಶ್ನೆ: ಸರ್ಕಾರ ಕಾರ್ಡುಗಳ ಬದಲು ಆಸ್ಪತ್ರೆಗಳಿಗೇ ಹಣ ಹಾಕಬಾರದೆ? (ಮಡಿಕೇರಿಯ ವಿದ್ಯಾರ್ಥಿನಿ)

ಉತ್ತರ: ಹಾಕಬೇಕು, ಕೊಡಗಿನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿ ಜಿಲ್ಲಾಸ್ಪತ್ರೆ ಬೋಧಕ ಆಸ್ಪತ್ರೆಯಾದದ್ದು ದೊಡ್ಡ ಹೆಜ್ಜೆ. ಆದರೂ 2019ರಲ್ಲಿ ಜಿಲ್ಲೆಯ ಯುವಜನರು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆಗಾಗಿ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನವನ್ನೇ ನಡೆಸಬೇಕಾಯಿತು. ಮೈಸೂರು ಇಲ್ಲಿಂದ ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಟ್ಟದ ರಸ್ತೆ ಮುಚ್ಚಿದಾಗ ಮಂಗಳೂರಿನ ನೇರ ದಾರಿಯೂ ಇರಲಿಲ್ಲ. ಜನಸಂಖ್ಯೆ ಕಡಿಮೆ ಇರುವ ಗುಡ್ಡಗಾಡಿನ ಜಿಲ್ಲೆಯಲ್ಲಿ ಹೃದಯ, ಮಿದುಳು, ಅಪಘಾತ ಚಿಕಿತ್ಸೆಯ ಘಟಕಗಳನ್ನು ಲಾಭಕ್ಕಾಗಿ ತೆರೆಯಲು ಬಂಡವಾಳಗಾರ ಹಿಂಜರಿಯುವುದು ಸಹಜ, ಹಾಗಾಗಿ ಆ ಕೆಲಸ ಸರ್ಕಾರದ್ದೇ ಆಗಿ ಉಳಿಯುತ್ತದೆ. ಮೈಸೂರು, ಮಂಗಳೂರು ಸೇರಿದ ಮೇಲಿನ ಬಿಲ್ಲಿಗೆ ಕಾರ್ಡೂ ಬೇಕು. ಆದರೆ ಮುಂದಿನ ಬಜೆಟ್ಟಿನಲ್ಲಿ ಎರಡರಲ್ಲಿ ಒಂದಕ್ಕೇ ಹಣವಿದೆಯೆಂದು ನಮ್ಮ ಶಾಸಕರು ಹೇಳಿದರೆ, ಮಡಿಕೇರಿಯಲ್ಲಿ ದಿನದ 24 ಗಂಟೆಯೂ ತಜ್ಞರಿರುವ ಹೃದಯ ಚಿಕಿತ್ಸಾ ಘಟಕವನ್ನೇ ಮೊದಲು ಕೇಳಿ ಎಂದು ನಾನು ಹೇಳುತ್ತೇನೆ.