ಟೀಚರ್‌ಗಳೇ ಮುಂದಾಳುಗಳಾದರೆ ಹೆಡ್‌ಮಾಸ್ಟರ್‌ಗೆ ಏನು ಕೆಲಸ?

ಕೆಲಸ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ ಅಷ್ಟೇ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ವಾಪಸ್ ಬಂದು ನಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು, ಯಾವ ಹಂತದ ನಂತರ ಯಾವುದು ಅಂತ ತೋರಿಸುವ ಕಲಿಕಾ ಏಣಿಯನ್ನು ತಾವೇ ಕೂತು ಮಾಡಿದರು. ಶಿಕ್ಷಕರ ನಾಯಕತ್ವ ಅಂದರೆ ಇದೇ. ಅದು ಹುದ್ದೆಯ ಮಾತಲ್ಲ.

ಈಗ ಅಂಥದ್ದೊಂದು ಕ್ಲಾಸಿನೊಳಗೆ ಇಣುಕಿ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ, ಗಲಾಟೆ ಜಾಸ್ತಿ. “ಏನ್ ಮೇಡಂ, ಇದೇನು ಸಂತೆನಾ?” ಅಂತ ಹೆಡ್‌ಮಾಸ್ಟರ್ ಒಂದು ಸಲ ಅಂದರೆ ಸಾಕು. ಮರುದಿನದಿಂದ ಆ ಟೀಚರ್ ಸುಮ್ನೆ ಬೋರ್ಡ್ ನೋಡಿ ಬರೆಸುತ್ತಾರೆ. ಒಳ್ಳೆಯ ಹೆಡ್‌ಮಾಸ್ಟರ್ ಹಾಗಲ್ಲ. “ನೋಟ್‌ಬುಕ್ ಖಾಲಿ ಇದೆಯಲ್ಲ” ಅಂತ ಬರುವ ಎಸ್‌ಡಿಎಂಸಿಯವರಿಗೆ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯವರಿಗೆ, ತಾವೇ ಉತ್ತರ ಕೊಡುತ್ತಾರೆ. ಬಿಸಿಯೂಟದ ಲೆಕ್ಕವನ್ನು ಆ ಟೀಚರ್ ತಲೆಗೆ ಕಟ್ಟುವುದಿಲ್ಲ. ಶನಿವಾರ ಅರ್ಧ ಗಂಟೆ ಉಳಿದ ಟೀಚರ್‌ಗಳಿಗೂ ತೋರಿಸಿಕೊಡಿ ಅನ್ನುತ್ತಾರೆ.

ಇಬ್ಬರೇ ಟೀಚರ್ ಇರುವ ಶಾಲೆಯಲ್ಲಂತೂ ಹೆಡ್‌ಮಾಸ್ಟರೂ ಪಾಠ ಮಾಡಲೇಬೇಕು. ಅಲ್ಲಿ ಇವರು ಬೇರೆ ಅವರು ಬೇರೆ ಅನ್ನುವ ಗೆರೆ ಎಲ್ಲಿರುತ್ತದೆ, ಅಲ್ವಾ?