ಸಂಜೆ ಹೊತ್ತಿಗೆ ಕ್ಯಾಂಪಸ್ ನೋಡಿ ಬನ್ನಿ: ಎಂಜಿನಿಯರಿಂಗ್ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಎಂಜಿನಿಯರಿಂಗ್ ಸೀಟು, ಕ್ಯಾಂಪಸ್ ಬದುಕು, ಓದು ಮುಗಿದ ಮೇಲಿನ ದಾರಿ. ಈ ಸಲ ಬಂದ ಪತ್ರಗಳಲ್ಲಿ ಇದೇ ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಮಗನಿಗೆ ಸಿಇಟಿಯಲ್ಲಿ ಸಾಧಾರಣ ರ‍್ಯಾಂಕ್ ಬಂದಿದೆ. ಮಂಗಳೂರು ಸುತ್ತಮುತ್ತ ನಾಲ್ಕೈದು ಕಾಲೇಜು ಸಿಗುವ ಹಾಗಿದೆ. ಎಲ್ಲರ ಬ್ರೋಶರ್‌ನಲ್ಲೂ ದೊಡ್ಡ ಪ್ಯಾಕೇಜ್, ದೊಡ್ಡ ಹುದ್ದೆಯಲ್ಲಿರುವ ಹಳೆ ವಿದ್ಯಾರ್ಥಿಗಳ ಫೋಟೊ. ಯಾವುದನ್ನು ನಂಬುವುದು, ಏನು ನೋಡಿ ಸೇರಿಸುವುದು?
– ಒಬ್ಬ ತಾಯಿ, ಬಂಟ್ವಾಳ

ಉತ್ತರ: ಮೊದಲು ಫೋಟೊ ವಿಷಯ. ಮಣಿಪಾಲದ ಎಂಐಟಿ ಶುರುವಾದದ್ದು 1957ರಲ್ಲಿ. ಸುರತ್ಕಲ್‌ನ ಎನ್‌ಐಟಿಕೆ 1960ರಲ್ಲಿ ಕೆಆರ್‌ಇಸಿ ಅಂತ ಶುರುವಾಗಿ 2002ರಲ್ಲಿ ಎನ್‌ಐಟಿ ಆಯಿತು. ಅಷ್ಟು ವರ್ಷದಿಂದ ಬ್ಯಾಚ್ ಮೇಲೆ ಬ್ಯಾಚ್ ಹೊರಗೆ ಬಂದಿದೆ. ಅವರಲ್ಲಿ ಕೆಲವರು ತೀರಾ ಮೇಲಕ್ಕೆ ಹೋಗಿದ್ದಾರೆ. ಮೈಕ್ರೋಸಾಫ್ಟ್‌ನ ಸತ್ಯ ನಾಡೆಲ್ಲಾ ಓದಿದ್ದು ಮಣಿಪಾಲದಲ್ಲಿ. ನಮ್ಮ ಜಿಲ್ಲೆಗಳಿಗೆ ಇದು ಹೆಮ್ಮೆಯ ವಿಷಯವೇ. ವಾಮಂಜೂರಿನ ಸೇಂಟ್ ಜೋಸೆಫ್ ಕಾಲೇಜು ಶುರುವಾದದ್ದು 2002ರಲ್ಲಿ, ಅಡ್ಯಾರಿನ ಸಹ್ಯಾದ್ರಿ 2007ರಲ್ಲಿ. ಅಲ್ಲಿ ಓದಿದವರಲ್ಲಿ ಎಲ್ಲರಿಗಿಂತ ಹಿರಿಯರಿಗೇ ಇನ್ನೂ ನಲವತ್ತರ ಆಸುಪಾಸಿನ ವಯಸ್ಸು. ಅವರ ಫೋಟೊ ದೊಡ್ಡ ಪತ್ರಿಕೆಯಲ್ಲಿ ಬಂದಿಲ್ಲ ಅಂತ ಕಾಲೇಜನ್ನು ಕಡಿಮೆ ಮಾಡಿ ನೋಡಬೇಕಾಗಿಲ್ಲ.

ನಿಮ್ಮ ಮಗನಿಗೆ ದಾರಿ ತೋರಿಸುವವರು ಅವನಿಗಿಂತ ಐದಾರು ವರ್ಷ ಮುಂದಿರುವವರು. ಅದೇ ಕಾಲೇಜು, ಅದೇ ಬ್ರಾಂಚ್, ನಡುಮಟ್ಟದ ಅಂಕ. ಅಂಥವರು ನಾಲ್ಕು ಜನ ಈಗ ಎಲ್ಲಿದ್ದಾರೆ ಅಂತ ಹುಡುಕಿ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಹಾಕಿದರೆ ಹಳೆ ವಿದ್ಯಾರ್ಥಿಗಳ ಪಟ್ಟಿಯೇ ಸಿಗುತ್ತದೆ. ಮಗನಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ. ಮೊದಲ ಕೆಲಸ ಏನು, ಎರಡನೆಯದ್ದಕ್ಕೆ ಯಾವಾಗ ಹೋದರು, ಓದಿದ್ದಕ್ಕೂ ಮಾಡುತ್ತಿರುವುದಕ್ಕೂ ಸಂಬಂಧ ಇದೆಯಾ ಅಂತ ನೋಡಲಿ. ಬ್ರೋಶರ್ ಹೇಳದ ಸಂಗತಿ ಅಲ್ಲಿ ಸಿಗುತ್ತದೆ.

ಇನ್ನು ಪ್ಯಾಕೇಜ್. ‘ಹೈಯೆಸ್ಟ್ ಪ್ಯಾಕೇಜ್’ ಅನ್ನುವುದು ಒಬ್ಬ ವಿದ್ಯಾರ್ಥಿಯ ಕಥೆ. ಉಳಿದವರ ಬಗ್ಗೆ ಅದು ಏನೂ ಹೇಳುವುದಿಲ್ಲ. ನೀವು ಕೇಳಬೇಕಾದದ್ದು ಮೀಡಿಯನ್. ಎಲ್ಲರ ಸಂಬಳವನ್ನು ಸಾಲಾಗಿ ಬರೆದರೆ ಸರಿಯಾಗಿ ನಡುವಿನಲ್ಲಿ ಬರುವ ಮೊತ್ತ ಅದು. ಇದಕ್ಕೆ ಕಾಲೇಜಿನವರ ಬಾಯಿಮಾತನ್ನೇ ನಂಬಬೇಕಾಗಿಲ್ಲ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಒಂದಷ್ಟು ಅಂಕಿಅಂಶ ಕೊಡಲೇಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ನಾಲ್ಕೇ ವರ್ಷದಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಕಾಲೇಜಿನ ವೆಬ್‌ಸೈಟಿನಲ್ಲಿ ಎನ್‌ಐಆರ್‌ಎಫ್ ಅಂತಲೇ ಒಂದು ಕೊಂಡಿ ಇರುತ್ತದೆ, ಅಲ್ಲಿ ತೆರೆದು ನೋಡಿ. ಎಲ್ಲ ಬ್ರಾಂಚ್‌ಗಳದ್ದೂ ಒಟ್ಟಿಗೇ ಇರುತ್ತದೆ ಅನ್ನುವುದು ನೆನಪಿರಲಿ. ಸಿವಿಲ್‌ನ ಸ್ಥಿತಿ ಕಂಪ್ಯೂಟರ್ ಸೈನ್ಸ್‌ನ ಸಂಬಳದ ಹಿಂದೆ ಅಡಗಿರಬಹುದು. ಬ್ರಾಂಚ್‌ವಾರು ಲೆಕ್ಕವನ್ನು ಪ್ಲೇಸ್‌ಮೆಂಟ್ ಆಫೀಸಿನಲ್ಲೇ ಕೇಳಿ. ಕೇಳುವಾಗ ‘ಎಷ್ಟು ಆಫರ್’ ಅನ್ನಬೇಡಿ, ‘ಎಷ್ಟು ಮಕ್ಕಳಿಗೆ’ ಅನ್ನಿ. ಒಬ್ಬನಿಗೇ ಮೂರು ಆಫರ್ ಬಂದರೆ ಲೆಕ್ಕದಲ್ಲಿ ಅದು ಮೂರು.

ಪ್ಯಾಕೇಜ್ ಅಂದರೆ ಕೈಗೆ ಬರುವ ಸಂಬಳವೂ ಅಲ್ಲ. ಸಿಟಿಸಿ, ಅಂದರೆ ಒಬ್ಬ ನೌಕರನಿಗೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12 ಲಕ್ಷ ಅಂತ ಇಟ್ಟುಕೊಳ್ಳಿ. ಅದರಲ್ಲಿ 1 ಲಕ್ಷ ಜಾಯಿನಿಂಗ್ ಬೋನಸ್, ಒಂದೇ ಸಲ ಸಿಗುವುದು. 2 ಲಕ್ಷ ಕಂಪನಿಯ ಷೇರು, ವರ್ಷ ಕಳೆದ ಹಾಗೆ ಕೈಸೇರುವುದು. 1 ಲಕ್ಷ ವೇರಿಯಬಲ್, ಕಂಪನಿಗೆ ಲಾಭ ಬಂದರೆ ಮಾತ್ರ. ಉಳಿದ 8 ಲಕ್ಷದಲ್ಲೇ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಸೇರಿರುತ್ತದೆ. ಮೇಲಿಂದ ಹುಡುಗನ ಪಾಲಿನ ಪಿಎಫ್ ಬೇರೆ ಕಟ್ ಆಗುತ್ತದೆ. ಬೇಸಿಕ್ 4 ಲಕ್ಷ ಇದ್ದರೆ, ಅದರ ಮೇಲೆ 12 ಪರ್ಸೆಂಟ್ ಪಿಎಫ್ ಲೆಕ್ಕ ಹಾಕಿದರೆ, ತಿಂಗಳಿಗೆ ಕೈಗೆ ಬರುವುದು 57 ಸಾವಿರದ ಹತ್ತಿರ. ತಿಂಗಳಿಗೆ ಒಂದು ಲಕ್ಷ ಅಂದುಕೊಂಡು ಎಜುಕೇಶನ್ ಲೋನ್ ಮಾಡಿದ ಮನೆಯವರಿಗೆ ಇದು ದೊಡ್ಡ ಏಟು. ಲೋನ್ ಮಾಡುವ ಮೊದಲೇ ಈ ಲೆಕ್ಕ ಗೊತ್ತಿರಲಿ.

ಕೊನೆಯದಾಗಿ, ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ಕಾಲೇಜು ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಕಾಲೇಜೂ ಚೆನ್ನಾಗಿಯೇ ಕಾಣುತ್ತದೆ. ಸಂಜೆ ಆರಕ್ಕೆ ಹೋಗಿ. ಲೈಬ್ರರಿ ತೆರೆದಿದೆಯಾ? ವರ್ಕ್‌ಶಾಪ್‌ನಲ್ಲಿ ಯಾರಾದರೂ ಇದ್ದಾರಾ? ಲ್ಯಾಬಿನಲ್ಲಿ ಎರಡನೇ ವರ್ಷದವರೂ ನಾಲ್ಕನೇ ವರ್ಷದವರೂ ಒಟ್ಟಿಗೆ ಕೂತು ಏನಾದರೂ ಮಾಡುತ್ತಿದ್ದಾರಾ? ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಮನೆಯಿಂದ ಬಂದು ಹೋಗುವ ಮಕ್ಕಳು ಜಾಸ್ತಿ. ಕಾರ್ಕಳ, ಮೂಡುಬಿದಿರೆ, ಬಂಟ್ವಾಳ, ಕಾಸರಗೋಡು, ಎಲ್ಲ ಕಡೆಯಿಂದಲೂ ಬರುತ್ತಾರೆ. ನಾಲ್ಕೂವರೆಗೆ ಕಾಲೇಜ್ ಬಸ್ ಹೊರಟರೆ ಅಲ್ಲಿಗೆ ಕ್ಯಾಂಪಸ್ ಮುಗಿಯಿತು. ಸೀನಿಯರ್ ಜೊತೆ ಕೂತು ಕಲಿಯುವ ಎರಡು ಗಂಟೆ ಹಾಗೇ ಹೋಗುತ್ತದೆ. ಕೆಲವು ಕಾಲೇಜಿನವರು ಏಳು ಗಂಟೆಗೆ ಇನ್ನೊಂದು ಬಸ್ ಬಿಡುತ್ತಾರೆ. ನೀವು ಪ್ರಿನ್ಸಿಪಾಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಎರಡನೇ ಬಸ್ ಇದೆಯಾ’ ಅಂತ. ಹಾಸ್ಟೆಲ್ ಖರ್ಚು ಹೊಂದಿಸಲು ಆಗುವುದಾದರೆ ಮೊದಲ ಎರಡು ವರ್ಷ ಹಾಸ್ಟೆಲ್‌ನಲ್ಲೇ ಬಿಡಿ.

ಪ್ರಶ್ನೆ: ನಾನು ಹತ್ತನೇವರೆಗೆ ಕನ್ನಡ ಮೀಡಿಯಂ. ಈಗ ಹೊರ ರಾಜ್ಯದವರೇ ಜಾಸ್ತಿ ಇರುವ ದೊಡ್ಡ ಕ್ಯಾಂಪಸ್‌ನಲ್ಲಿ ಮೊದಲ ವರ್ಷ. ಮೆಸ್‌ನಲ್ಲಿ ಎಲ್ಲರೂ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಎರಡು ಕ್ಲಬ್‌ಗಳ ಇಂಟರ್‌ವ್ಯೂನಲ್ಲಿ ಆಯ್ಕೆ ಆಗಲಿಲ್ಲ. ರೂಮಿನಿಂದ ಹೊರಗೆ ಬರುವುದೇ ಬೇಡ ಅನ್ನಿಸುತ್ತದೆ.
– ವಿದ್ಯಾರ್ಥಿ, ಬೆಳ್ತಂಗಡಿ

ಉತ್ತರ: ಮೊದಲ ಸೆಮಿಸ್ಟರ್‌ನಲ್ಲಿ ಹೀಗೆ ಅನ್ನಿಸುವವರು ನೀವೊಬ್ಬರೇ ಅಲ್ಲ. ನಿಮ್ಮ ಹಾಗೆಯೇ ಬಾಯಿ ಮುಚ್ಚಿ ಕೂತವರು ಅದೇ ಹಾಸ್ಟೆಲ್ ಬ್ಲಾಕಿನಲ್ಲಿ ಇದ್ದೇ ಇರುತ್ತಾರೆ. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯದ ಮಕ್ಕಳಿಗೇ ಮೀಸಲು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆ ಮೀಸಲು ಇಲ್ಲದಿದ್ದರೂ ನಮ್ಮೂರಿನ ಮಕ್ಕಳು ಇರುತ್ತಾರೆ. ಹುಡುಕಿ ಮಾತಾಡಿಸಿ.

ಕ್ಲಬ್ ವಿಷಯಕ್ಕೆ ಬರೋಣ. ಇಂಟರ್‌ವ್ಯೂ ಮಾಡಿದವರೂ ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಮಕ್ಕಳು. ಚೆನ್ನಾಗಿ ಮಾತಾಡಿದವರನ್ನು ಮೊದಲು ಆರಿಸಿಕೊಳ್ಳುತ್ತಾರೆ. ಅದು ಸರಿ ಅಂತ ನಾನು ಹೇಳುವುದಿಲ್ಲ, ಆದರೆ ಆಗುವುದು ಹಾಗೆಯೇ. ಹಾಗಾಗಿ ಮಾತಿನ ಮೇಲೆ ನಿಲ್ಲದ ಜಾಗ ಹುಡುಕಿ. ಕೈ ಕೆಲಸ ಜಾಸ್ತಿ ಇರುವ ತಂಡಗಳಿರುತ್ತವೆ. ರೇಸಿಂಗ್ ಕಾರು ಕಟ್ಟುವವರು, ರಾಕೆಟ್ ಮಾಡುವವರು, ಕ್ಯಾಂಪಸ್‌ನ ಸಾಫ್ಟ್‌ವೇರ್ ನೋಡಿಕೊಳ್ಳುವವರು. ಎನ್‌ಐಟಿಕೆಯಲ್ಲಿ ‘ಐರಿಸ್’ ಅಂತ ಒಂದು ಪೋರ್ಟಲ್ ಇದೆ. ಕೋರ್ಸ್ ನೋಂದಣಿಯಂಥ ದಿನನಿತ್ಯದ ಕೆಲಸ ನಡೆಯುವುದು ಅದರಲ್ಲಿ. ಅದನ್ನು ಕಟ್ಟಿದವರು ಅಲ್ಲಿನ ವಿದ್ಯಾರ್ಥಿಗಳೇ. ಅಂಥ ತಂಡದಲ್ಲಿ ನೀವು ಬರೆದ ಕೋಡ್ ಓಡುತ್ತದೆಯಾ ಇಲ್ಲವಾ ಅನ್ನುವುದಷ್ಟೇ ಪ್ರಶ್ನೆ. ಉಚ್ಚಾರಣೆ ಯಾರೂ ಕೇಳುವುದಿಲ್ಲ.

ನಿಮ್ಮಲ್ಲಿ ಇರುವ ಒಂದು ಬಲ ನಿಮಗೇ ಕಾಣುತ್ತಿಲ್ಲ. ಕಾರು ಕಟ್ಟುವ ತಂಡಕ್ಕೆ ಪೈಪ್ ಬೆಂಡ್ ಮಾಡಿಸಬೇಕು, ಪ್ಲೇಟ್ ಲೇಸರ್ ಕಟ್ ಮಾಡಿಸಬೇಕು. ಅದಕ್ಕೆ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾಕ್ಕೇ ಹೋಗಬೇಕು. ಅಲ್ಲಿನ ಫ್ಯಾಬ್ರಿಕೇಶನ್ ಶೆಡ್‌ನ ಯಜಮಾನರಿಗೆ ಡ್ರಾಯಿಂಗ್ ತೋರಿಸಿ, ಎಲ್ಲಿ ವೆಲ್ಡ್ ಬೇಕು, ಎಲ್ಲಿ ಎರಡು ಮಿಲಿಮೀಟರ್ ಕೂಡ ಆಚೀಚೆ ಆಗಬಾರದು ಅಂತ ಹೇಳುವವರು ಯಾರು? ತುಳುವಿನಲ್ಲೋ ಕನ್ನಡದಲ್ಲೋ ‘ಅಣ್ಣಾ, ಇದು ಶುಕ್ರವಾರ ಬೇಕಿತ್ತು’ ಅನ್ನಬಲ್ಲವರು. ಇಂಥ ಕೆಲಸಕ್ಕೆ ಅಂತ ತಂಡಕ್ಕೆ ಸೇರಿದ ಹುಡುಗರು ಮೂರನೇ ವರ್ಷಕ್ಕೆ ಇಡೀ ತಯಾರಿ ವಿಭಾಗದ ಹೊಣೆ ಹೊತ್ತದ್ದನ್ನು ನಾನು ನೋಡಿದ್ದೇನೆ. ವಸ್ತು ಹೇಗೆ ತಯಾರಾಗುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ತಂಡದಲ್ಲಿ ಬೇರೆ ಯಾರೂ ಕಲಿತಿರಲಿಲ್ಲ.

ಇಂಗ್ಲಿಷ್ ಬೇಕೇ ಬೇಕು, ಅದನ್ನು ಬಿಡಬೇಡಿ. ದಿನಕ್ಕೆ ಒಂದೇ ಒಂದು ವಿಷಯ ತೆಗೆದುಕೊಳ್ಳಿ. ಅವತ್ತು ಲ್ಯಾಬಿನಲ್ಲಿ ಮಾಡಿದ ಸರ್ಕ್ಯೂಟ್ ಸಾಕು. ಅದನ್ನು ರೂಮ್‌ಮೇಟ್‌ಗೆ ಇಂಗ್ಲಿಷ್‌ನಲ್ಲಿ ವಿವರಿಸಿ. ತಪ್ಪಾದರೆ ಆಗಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರಿಗೆ ಇನ್ನೊಂದು ಭಾಷೆ ಕಷ್ಟ ಆಗುವುದಿಲ್ಲ. ಎರಡು ಸೆಮಿಸ್ಟರ್ ಕೊಡಿ. ಕ್ಲಬ್‌ಗಳಲ್ಲಿ ಎರಡನೇ ವರ್ಷದ ಶುರುವಿಗೂ ಜನ ಬೇಕಾಗುತ್ತಾರೆ, ಆಗ ಮತ್ತೆ ಹೋಗಿ. ಇಷ್ಟಾದರೂ ರೂಮಿನಿಂದ ಹೊರಗೆ ಬರುವುದೇ ಬೇಡ ಅನ್ನಿಸುವುದು ವಾರಗಟ್ಟಲೆ ಉಳಿದರೆ, ಊಟ ನಿದ್ದೆ ತಪ್ಪಿದರೆ, ಕ್ಯಾಂಪಸ್‌ನ ಕೌನ್ಸೆಲರ್ ಹತ್ತಿರ ಹೋಗಿ. ಮನೆಗೂ ಹೇಳಿ.

ಪ್ರಶ್ನೆ: ಮಗಳು ಫೆಸ್ಟ್, ಕ್ಲಬ್ ಅಂತ ರಾತ್ರಿವರೆಗೆ ಓಡಾಡುತ್ತಾಳೆ. ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ, ಹತ್ತಕ್ಕೆ) 7.9ರಿಂದ 6.8ಕ್ಕೆ ಇಳಿದಿದೆ. ಕ್ಲಬ್ ಬಿಡಿಸಬೇಕಾ?
– ಒಬ್ಬ ತಂದೆ, ಕುಂದಾಪುರ

ಉತ್ತರ: ಬಿಡಿಸಬೇಡಿ, ಕಡಿಮೆ ಮಾಡಿಸಿ. ಬಹಳ ಕಂಪನಿಗಳು ಮೊದಲ ಸುತ್ತಿನಲ್ಲೇ ಸಿಜಿಪಿಎ ಆರೋ ಏಳೋ ಅಂತ ಗೆರೆ ಹಾಕುತ್ತವೆ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು ಅನ್ನುತ್ತವೆ. 6.8 ಅಂದರೆ ಏಳರ ಗೆರೆಯ ಕೆಳಗೆ. ಮುಂದಿನ ಎರಡು ಸೆಮಿಸ್ಟರ್ 7.5ರ ಮೇಲೆ ಬಂದರೆ ಸರಿಹೋಗುತ್ತದೆ. ಅವಳು ಮಾಡುತ್ತಿರುವ ಕ್ಲಬ್ ಕೆಲಸಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲಿ. ಹಣದ ಲೆಕ್ಕ ಇಡುವುದೋ, ಸ್ಪಾನ್ಸರ್ ಹುಡುಕುವುದೋ, ತಾಂತ್ರಿಕ ಕೆಲಸವೋ, ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಮಾತಾಡಬಲ್ಲಂಥದ್ದು ಯಾವುದೋ ಅದು ಇರಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ಡಿಗ್ರಿಗೆ ಹೇಗೂ 100 ಆಕ್ಟಿವಿಟಿ ಪಾಯಿಂಟ್ ಬೇಕು, ಯಾವುದಕ್ಕೆ ಪಾಯಿಂಟ್ ಸಿಗುತ್ತದೆ ಅನ್ನುವುದನ್ನೂ ಕಾಲೇಜಿನಲ್ಲಿ ಕೇಳಿಕೊಳ್ಳಲಿ. ಬೈದು ಹೇಳಬೇಡಿ. ಕೂತು ಅವಳ ವಾರದ ವೇಳಾಪಟ್ಟಿ ನೋಡಿ.

ಪ್ರಶ್ನೆ: ಮೆಕ್ಯಾನಿಕಲ್ ಮೂರನೇ ವರ್ಷ. ಕ್ಯಾಂಪಸ್‌ಗೆ ಬರುವುದೆಲ್ಲ ಸಾಫ್ಟ್‌ವೇರ್ ಕಂಪನಿಗಳೇ. ಕೋರ್ ಕೆಲಸ (ಓದಿದ ಬ್ರಾಂಚ್‌ನದ್ದೇ ಕೆಲಸ) ಬೇಕು ಅಂದರೆ ಎಲ್ಲರೂ ನಗುತ್ತಾರೆ. ಹಳೆ ವಿದ್ಯಾರ್ಥಿಗಳಿಗೆ ಮೆಸೇಜ್ ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ.
– ವಿದ್ಯಾರ್ಥಿ, ಉಡುಪಿ

ಉತ್ತರ: ನಗುವವರು ಒಂದು ಸಲ ಪಣಂಬೂರು ಕಡೆ ಹೋಗಿ ಬರಲಿ. ಬಂದರು ಇದೆ, ಗೊಬ್ಬರದ ಕಾರ್ಖಾನೆ ಎಂಸಿಎಫ್ ಇದೆ. ಸ್ವಲ್ಪ ಒಳಗೆ ಹೋದರೆ ಎಂಆರ್‌ಪಿಎಲ್. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ನಿಮ್ಮ ಉಡುಪಿಯಲ್ಲೇ ಮಲ್ಪೆಯ ಹಡಗುಕಟ್ಟೆ ಇದೆ. ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಅದನ್ನು ತೆಗೆದುಕೊಂಡ ಮೇಲೆ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅನ್ನುವ ಹೆಸರಿನಲ್ಲಿ ಅಲ್ಲಿ ಟಗ್‌ಗಳು, ನಾರ್ವೆಯ ಕಂಪನಿಗೆ ಸರಕು ಹಡಗುಗಳು ತಯಾರಾಗುತ್ತಿವೆ. ಇಲ್ಲೆಲ್ಲ ಮೆಕ್ಯಾನಿಕಲ್‌ನವರು ಬೇಕು. ಆದರೆ ಇವರು ಸಾಫ್ಟ್‌ವೇರ್ ಕಂಪನಿಗಳ ಹಾಗೆ ಒಂದೇ ದಿನ ಬಂದು ನೂರು ಜನರನ್ನು ಆರಿಸಿಕೊಂಡು ಹೋಗುವವರಲ್ಲ. ಸರಕಾರಿ ಕಂಪನಿಗಳಲ್ಲಿ ಹೆಚ್ಚಿನವು ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ ನೋಡುತ್ತವೆ. ಉಳಿದವರು ಬೇಕಾದಾಗ ಒಬ್ಬಿಬ್ಬರನ್ನು, ಗೊತ್ತಿದ್ದವರ ಮೂಲಕ ಕರೆಯುತ್ತಾರೆ. ಅದಕ್ಕೇ ಹಳೆ ವಿದ್ಯಾರ್ಥಿಗಳು ಕೋರ್ ಬ್ರಾಂಚ್‌ನವರಿಗೆ ಬೇರೆಯವರಿಗಿಂತ ಜಾಸ್ತಿ ಬೇಕು.

ಗೇಟ್ ಬರೆಯುವುದಾದರೆ ಈಗಿಂದಲೇ ಶುರು ಮಾಡಿ, ನಾಲ್ಕನೇ ವರ್ಷಕ್ಕೆ ಬಿಡಬೇಡಿ. ಮೂರನೇ ವರ್ಷದಲ್ಲೇ ಬರೆಯಬಹುದು.

ಬ್ರಾಂಚ್ ಬಗ್ಗೆ ಒಂದು ಮಾತು. ಕೆ.ವಿ. ಕಾಮತ್ ಮಂಗಳೂರಿನವರು. ಸುರತ್ಕಲ್‌ನಲ್ಲಿ ಓದಿದ್ದು ಮೆಕ್ಯಾನಿಕಲ್. ಆಮೇಲೆ ಅಹಮದಾಬಾದ್ ಐಐಎಂ, 1971ರಲ್ಲಿ ಐಸಿಐಸಿಐ, ಮುಂದೆ ಬ್ರಿಕ್ಸ್ ದೇಶಗಳ ಬ್ಯಾಂಕಿನ ಮೊದಲ ಅಧ್ಯಕ್ಷರು. ಮೆಕ್ಯಾನಿಕಲ್ ಓದಿದವರಿಗೆ ಕೋರ್ ಒಂದೇ ದಾರಿ ಅಂತ ನಾನು ಹೇಳುವುದಿಲ್ಲ. ಆದರೆ ನಿಮಗೆ ಮೆಷಿನ್ ಇಷ್ಟ ಇದ್ದರೆ, ಯಾರೋ ನಕ್ಕರು ಅಂತ ಅದನ್ನು ಬಿಡಬಾರದು.

ಈಗ ನಿಮ್ಮ ಮೆಸೇಜ್. ಏನು ಬರೆದಿದ್ದೀರಿ ಅಂತ ಊಹಿಸಬಲ್ಲೆ. ‘ಸರ್, ನಾನು ನಿಮ್ಮ ಜೂನಿಯರ್, ದಯವಿಟ್ಟು ರೆಫರ್ ಮಾಡಿ, ರೆಸ್ಯೂಮೆ ಲಗತ್ತಿಸಿದ್ದೇನೆ.’ ಇಂಥದ್ದು ಅವರಿಗೆ ತುಂಬ ಬರುತ್ತದೆ. ಓದಿದವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದವರನ್ನು ರೆಫರ್ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ, ಅಲ್ವಾ? ಹೀಗೆ ಬರೆದು ನೋಡಿ:

‘ಸರ್, ನಮಸ್ಕಾರ. ನಮ್ಮ ಕಾಲೇಜಿನ ಮೆಕ್ಯಾನಿಕಲ್ ಮೂರನೇ ವರ್ಷ. ಪಂಪ್‌ನ ಬೇರಿಂಗ್ ಅದುರುವುದನ್ನು ಅಳೆಯುವ ಮಿನಿ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ನಿಮ್ಮ ಪ್ಲಾಂಟ್‌ನಲ್ಲಿ ಬೇರಿಂಗ್ ಬದಲಿಸುವುದು ವೈಬ್ರೇಶನ್ ರೀಡಿಂಗ್ ನೋಡಿಯಾ, ಓಡಿದ ಗಂಟೆಗಳ ಲೆಕ್ಕದ ಮೇಲೆಯಾ? ಭಾನುವಾರ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ?’

ಇದಕ್ಕೆ ಉತ್ತರ ಬರುತ್ತದೆ. ಎಲ್ಲರಿಂದಲ್ಲ, ಕೆಲವರಿಂದ. ತನ್ನ ದಿನದ ಕೆಲಸದ ಬಗ್ಗೆ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದರೆ ಮೆಂಟೆನೆನ್ಸ್ ಎಂಜಿನಿಯರ್ ಸುಮ್ನೆ ಇರುವುದಿಲ್ಲ. ತುಂಬ ಹಿರಿಯರಿಗೆ ಬರೆಯಬೇಡಿ, ಮೂರರಿಂದ ಎಂಟು ವರ್ಷ ಅನುಭವ ಇರುವವರಿಗೆ ಬರೆಯಿರಿ. ಶಿಫ್ಟ್ ಕೆಲಸದವರಾದರೆ ಉತ್ತರಕ್ಕೆ ವಾರ ಹಿಡಿಯಬಹುದು, ಕಾಯಿರಿ. ಫೋನಿನಲ್ಲಿ ಕೆಲಸದ ಮಾತು ನೀವಾಗಿ ಎತ್ತಬೇಡಿ. ಅವರು ಹೇಳಿದ್ದನ್ನು ಪ್ರಾಜೆಕ್ಟ್‌ನಲ್ಲಿ ಪ್ರಯತ್ನಿಸಿ, ಬಂದ ರೀಡಿಂಗ್‌ಗಳನ್ನು ಒಂದು ಪುಟದಲ್ಲಿ ಬರೆದು ಒಂದು ತಿಂಗಳ ಒಳಗೆ ಅವರಿಗೇ ಕಳಿಸಿ. ಇಂಟರ್ನ್‌ಶಿಪ್ ಬಗ್ಗೆ ಕೇಳುವುದು ಆ ಪುಟದ ಕೊನೆಯಲ್ಲಿ, ಒಂದೇ ಸಾಲಿನಲ್ಲಿ.